ಒಂದು ಲೀಟರ್ ಮಳೆ

"ಸುರುವ್ರಿ ಮೇಡಂ. ಸಣ್ಣಗ ಸುರುವ್ರಿ," ಎಂದ ಇಕ್ಬಾಲ, ಕ್ಯಾಮೆರಾ ಕಣ್ಣಿಗೆ ಹಿಡಿದುಕೊಂಡು.

ಸುಜಾತಾ ಚಲವಾದಿ ಒಂದು ಲೀಟರ್ ಬಾಟಲಿಯ ಮುಚ್ಚಳ ತಿರುವಿ, ಮಳೆಮಾಪಕದ ಬಾಯೊಳಗೆ ನೀರನ್ನು ಎಳೆಯಾಗಿ ಬಿಡತೊಡಗಿದಳು. ಆಗಸ್ಟ್ ಇಪ್ಪತ್ತು, ಬೆಳಗಿನ ಹತ್ತು ಗಂಟೆ. ಆಕಾಶದಲ್ಲಿ ಒಂದು ಮೋಡದ ತುಣುಕೂ ಇರಲಿಲ್ಲ. ಮಾಪಕದ ಹೊಟ್ಟೆಯಲ್ಲಿ ಪುಟ್ಟ ಬಟ್ಟಲು ತುಂಬಿ ಮಗುಚುವ ಸದ್ದು ಕೇಳಿಸುತ್ತಿತ್ತು. ಟಿಕ್. ಟಿಕ್. ಟಿಕ್.

ಕೊನೆಯ ಹನಿ ಇಳಿದ ಮೇಲೆ ಅವಳು ಫೋನ್ ಎತ್ತಿದಳು. ಆ ಕಡೆ ಇದ್ದವಳು ಭಾಗ್ಯಶ್ರೀ, ಹುಬ್ಬಳ್ಳಿಯ ಗೋಪನಕೊಪ್ಪದ ಕಚೇರಿಯಲ್ಲಿ, ಕಂಪ್ಯೂಟರಿನ ಮುಂದೆ. ಮಳೆ ಕೈಕೊಟ್ಟ ಊರುಗಳಲ್ಲಿ ಇರುವಷ್ಟು ನೀರಿನಲ್ಲೇ ಬೆಳೆ ಉಳಿಸಿಕೊಳ್ಳಲು ರೈತರಿಗೆ ನೆರವಾಗುವ ಸಂಸ್ಥೆ ಅವಳದು. ಕೆಂಚನಹಾಳದ ಈ ಮಾಪಕವನ್ನು ನೆಟ್ಟವರೂ ಅವರೇ.

"ಇದು ಪರೀಕ್ಷೆ ಅಂತ ಬರಕೊಳ್ರಿ. ಲೆಕ್ಕಕ್ಕ ಹಿಡೀಬ್ಯಾಡ್ರಿ."

"ಬರಕೊಂಡೇನ್ರಿ. ಹದಿನೈದು ನಿಮಿಷಕ್ಕೊಮ್ಮೆ ನಮಗ ಅಂಕಿ ಬರ್ತದ. ಸ್ವಲ್ಪ ತಡೀರಿ."

ತಡೆಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ತಂತಿ ಬೇಲಿಯ ಆಚೆ, ಬೇವಿನ ನೆರಳಲ್ಲಿ, ಗಿರಿಯಪ್ಪ ಮತ್ತು ಅವನ ಹೆಂಡತಿ ಯಂಕವ್ವ ಕೂತಿದ್ದರು. ಶಾಲೆಯಲ್ಲಿ ಜವಾನನಾಗಿದ್ದು ನಿವೃತ್ತನಾದ ಮೇಲೆ ಆರು ವರ್ಷದಿಂದ ಗಿರಿಯಪ್ಪ ಈ ಮಾಪಕ ಕಾಯುತ್ತಿದ್ದ. ಹೋದ ವಾರದವರೆಗೆ ಊರಿನವರು ಅವನನ್ನು 'ಮಳಿ ಮಾಸ್ತರ' ಎನ್ನುತ್ತಿದ್ದರು. ಈಗ 'ಮಳಿ ಕಳ್ಳ' ಎನ್ನುತ್ತಾರೆ.

ಊರು ಒಪ್ಪಿಕೊಂಡ ನಿಯಮ ಸರಳವಾಗಿತ್ತು. ಬಿತ್ತನೆಯ ನಂತರ ಸತತ ಇಪ್ಪತ್ತೊಂದು ದಿನ ಮಳೆ ಬರದಿದ್ದರೆ ಕೆರೆಯ ತೂಬು ತೆಗೆದು ಕೆಳಗಿನ ಹೊಲಗಳಿಗೆ ಸರದಿಯಂತೆ ನೀರು ಬಿಡಬೇಕು. ಕೆಳಗಿನ ಹೊಲಗಳಲ್ಲಿ ಅರವತ್ತೆರಡು ಮನೆಯವರ ಬಾಳಿದೆ. ಎರಡೆಕರೆ, ಮೂರೆಕರೆಯವರು. ಅವರಲ್ಲಿ ಯಾರಿಗೂ ಬೋರಿಲ್ಲ.

ಈ ಸಲ ಜುಲೈ ಹತ್ತಕ್ಕೆ ಮಳೆ ನಿಂತಿತು. ಹತ್ತೊಂಬತ್ತನೆಯ ದಿನ, ಊರಲ್ಲಿ ಒಬ್ಬರ ತಲೆಯೂ ನೆನೆಯದಿದ್ದರೂ, ಮಾಪಕ ಮಳೆ ಬಂತೆಂದು ಹೇಳಿತು. ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ಅದಾದ ಇಪ್ಪತ್ತನೆಯ ದಿನ, ಅಂದರೆ ಮೊನ್ನೆ, ಮತ್ತೆ ಹಾಗೇ ಆಯಿತು. ಯಂತ್ರ ಸುಳ್ಳು ಹೇಳುವುದಿಲ್ಲ, ಮನುಷ್ಯ ಹೇಳುತ್ತಾನೆ ಎಂದರು ಜನ. ಬೇಲಿಯ ಕೀಲಿ ಇದ್ದದ್ದು ಇಬ್ಬರ ಹತ್ತಿರ. ಒಬ್ಬ ಗಿರಿಯಪ್ಪ, ಇನ್ನೊಬ್ಬ ಕೆರೆ ಸಮಿತಿಯ ಅಧ್ಯಕ್ಷ ಗುರುಸಿದ್ದಯ್ಯ. ಊರಿನ ಕಣ್ಣು ಯಾರ ಮೇಲೆ ಮೊದಲು ಬೀಳುತ್ತದೆ ಎನ್ನುವುದನ್ನು ಸುಜಾತಾಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹನ್ನೊಂದು ವರ್ಷ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಿದ್ದು, ಕೆಲಸ ಬಿಟ್ಟು, ಕಮರಿಪೇಟೆಯಲ್ಲಿ ಸ್ವಂತ ಪತ್ತೇದಾರಿ ಕಚೇರಿ ತೆರೆದವಳು ಅವಳು. ನಿನ್ನೆ ಬೆಳಗ್ಗೆ ಯಂಕವ್ವ ಆ ಕಚೇರಿಯ ಮೆಟ್ಟಿಲು ಹತ್ತಿದ್ದಳು.

"ನಳದಾಗ ನೀರು ತುಂಬಾಕ ಹೋದ್ರ ನನ್ನ ಕೊಡ ಸರಸಿ ಇಡ್ತಾರ್ರಿ ಅಕ್ಕಾರ," ಎಂದಳು ಯಂಕವ್ವ ಈಗ. "ನಮ್ಮ ಹೊಲಾನೂ ಕೆಳಗ ಐತಿ. ನಮ್ಮ ಶೇಂಗಾನೂ ಒಣಗಾಕತ್ತೈತಿ. ತನ್ನ ಬೆಳಿ ತಾನ ಸುಡಾವ ಯಾರಿರ್ತಾನ್ರಿ?"

ಫೋನ್ ರಿಂಗಾಯಿತು.

"ಮೂವತ್ತೊಂದು ಪಾಯಿಂಟ್ ಎಂಟು ಮಿಲಿಮೀಟರ್," ಎಂದಳು ಭಾಗ್ಯಶ್ರೀ.

"ಜುಲೈ ಇಪ್ಪತ್ತೊಂಬತ್ತಕ್ಕ ಎಷ್ಟಿತ್ತು?"

ಕೀಲಿಮಣೆಯ ಸದ್ದು.

"ಮೂವತ್ತೊಂದು ಪಾಯಿಂಟ್ ಎಂಟು."

"ಮೊನ್ನೆ?"

"ಮೂವತ್ತೊಂದು ಪಾಯಿಂಟ್ ಆರು. ಅಯ್ಯೋ, ಇದು ನನ್ನ ಕಣ್ಣಿಗೆ ಯಾಕ ಬೀಳಲಿಲ್ಲರಿ? ಎರಡೂ ಮಳಿ ಒಂದ ಅಳತಿ."

"ಮಳಿ ಅಲ್ಲ ಭಾಗ್ಯಶ್ರೀ. ಬಾಟ್ಲಿ. ಒಂದೊಂದು ಲೀಟರಿನ ಎರಡು ಬಾಟ್ಲಿ."

ಇಕ್ಬಾಲ ಕ್ಯಾಮೆರಾ ಕೆಳಗಿಳಿಸಿದ. ದುರ್ಗದಬೈಲಿನಲ್ಲಿ ಇಪ್ಪತ್ತೈದು ವರ್ಷ ಫೋಟೋ ಅಂಗಡಿ ನಡೆಸಿ, ಈಗ ಸುಜಾತಾಳ ಜೊತೆ ಕೆಲಸ ಮಾಡುವವನು. ಮಾತು ಕಡಿಮೆ, ನೋಟ ಹೆಚ್ಚು.

"ಅರವತ್ತೆರಡು ಮನಿ ನೀರು ನಿಲ್ಲಸಾಕ ಒಂದು ಲೀಟರ್ ಸಾಕಾತು," ಎಂದ ಅವನು.

"ಬಾಟ್ಲಿ ಅಂತ ಗೊತ್ತಾತು. ಯಾರ ಬಾಟ್ಲಿ ಅಂತ ಗೊತ್ತಾಗಬೇಕಲ್ಲ."

ಆಗ ಗಿರಿಯಪ್ಪ ಎದ್ದು ಬಂದ. ಬೇಲಿಯ ಹೊರಗೇ ನಿಂತ. ಒಳಗೆ ಕಾಲಿಡಬಾರದು ಎಂದು ಸಮಿತಿ ಹೇಳಿತ್ತು.

"ಆ ಕೊಳವಿ ಬಿಚ್ಚಿ ಒಳಗ ನೋಡ್ರಿ ಅಕ್ಕಾರ. ನೀವು ಸುರುವೂಕಿಂತ ಮೊದಲ ಹೇಳಬೇಕಿತ್ತು. ಮರತೆ."

ಸುಜಾತಾ ಮೇಲಿನ ಕೊಳವೆ ತಿರುಗಿಸಿ ತೆಗೆದಳು. ಈಗ ಸುರುವಿದ ನೀರು ತಗುಲದ ಮೇಲಂಚಿನಲ್ಲಿ ಉಗುರಿನಷ್ಟಗಲ ಬಿಳಿ ಕಲೆ. ಬೆರಳಿಂದ ಉಜ್ಜಿದರೆ ಪುಡಿ ಉದುರಿತು.

"ಸವಳು," ಎಂದ ಗಿರಿಯಪ್ಪ. "ಆರು ವರ್ಷ ಈ ಕೊಳವಿ ನಾನ ತೊಳದೇನಿ. ಮಳಿ ನೀರಿಗೆ ಸವಳು ಇರೂದಿಲ್ಲ. ಹೋದ ತಿಂಗಳನ ಇದನ್ನ ನೋಡಿದ್ನಿ."

"ಯಾರಿಗೂ ಹೇಳಲಿಲ್ಲ?"

"ಯಾರೂ ಕೇಳಲಿಲ್ಲರಿ."

ಯಂಕವ್ವ ಮನೆಯಿಂದ ಮೂರು ಸ್ಟೀಲ್ ತಾಟು ತಂದಳು. ಇಕ್ಬಾಲ ಒಂದಕ್ಕೆ ಕೆರೆಯ ನೀರು, ಒಂದಕ್ಕೆ ನಳದ ನೀರು, ಇನ್ನೊಂದಕ್ಕೆ ಗುರುಸಿದ್ದಯ್ಯನ ತೋಟದ ಬೋರಿನ ನೀರು ಒಂದೊಂದು ಚಮಚ ಹಾಕಿ, ಕಾರಿನ ಬಾನೆಟ್ಟಿನ ಮೇಲೆ ಬಿಸಿಲಿಗಿಟ್ಟ. ಊರಲ್ಲಿ ಇನ್ನೂ ನೀರು ಕೊಡುತ್ತಿದ್ದ ಬೋರು ಅದೊಂದೇ.

ಮುಕ್ಕಾಲು ಗಂಟೆಯಲ್ಲಿ ಮೂರೂ ಒಣಗಿದವು. ಕೆರೆಯ ತಾಟಿನಲ್ಲಿ ತೆಳು ಕೆಸರು ಉಳಿಯಿತು. ನಳದ ತಾಟು ಹೆಚ್ಚುಕಡಿಮೆ ಸ್ವಚ್ಛವಾಗಿತ್ತು. ಮೂರನೆಯದರ ನಡುವೆ ಸುಣ್ಣ ಬಳಿದಂಥ ದುಂಡು ಕಲೆ.

ಯಂಕವ್ವ ಆ ತಾಟನ್ನೇ ನೋಡುತ್ತ ನಿಂತಳು. "ಅಯ್ನೋರ?" ಎಂದಳು. ನಂಬಲು ಆಕೆಗೂ ಕಷ್ಟವಾಗಿತ್ತು. ಹುಬ್ಬಳ್ಳಿಯ ಕಾಲೇಜಿನಲ್ಲಿ ಓದುವ ಮಗಳು ಪೂನಮ್‌ಳ ಫೀಸನ್ನು ವರ್ಷ ವರ್ಷವೂ ಕಟ್ಟುವವನು ಗುರುಸಿದ್ದಯ್ಯನೇ.

*

ಗುರುಸಿದ್ದಯ್ಯ ಅರವತ್ತೆಂಟರ ಮನುಷ್ಯ. ಮೂರು ತಲೆಮಾರಿನಿಂದ ಹುಬ್ಬಳ್ಳಿಯ ಪೇಟೆಗೆ ಹತ್ತಿ ಕಳಿಸುತ್ತ ಬಂದ ಮನೆತನ. ಪೂಜೆ ಮುಗಿಸಿ ಆಗಷ್ಟೇ ಪಡಸಾಲೆಗೆ ಬಂದಿದ್ದ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಅವನ ಹೆಂಡತಿ ಈರವ್ವ ಮಜ್ಜಿಗೆ ತಂದಿಟ್ಟು ಬಾಗಿಲ ಬಳಿ ಸರಿದು ನಿಂತಳು.

"ಕುಡೀರಿ. ಬಿಸಲಾಗ ಬಂದೀರಿ," ಎಂದ ಗುರುಸಿದ್ದಯ್ಯ.

ಸುಜಾತಾ ಮಜ್ಜಿಗೆ ಕುಡಿದಳು. ಆಮೇಲೆ ತಾಟನ್ನು ಅವನ ಮುಂದಿಟ್ಟು ಎಲ್ಲವನ್ನೂ ಹೇಳಿದಳು.

"ನನ್ನ ಬೋರಿನ ನೀರು ಊರ ದನ ಎಲ್ಲಾ ಕುಡಿತಾವು," ಎಂದ ಕೊನೆಗೆ. "ಯಾರರ ಒಂದು ಬಾಟ್ಲಿ ತುಂಬಿಕೊಂಡು ಹೋದ್ರ ನಾ ಏನ್ ಮಾಡ್ಲಿ?"

"ಕೀಲಿ?"

"ಗೂಟಕ್ಕ ಹಾಕಿರ್ತೈತಿ. ನೋಡ್ರಿ, ಅಲ್ಲೇ."

"ಮೊನ್ನೆ ಮಧ್ಯಾಹ್ನ ಒಂದೂಕಾಲಿಗೆ ಮಾಪಕಕ್ಕ ನೀರು ಬಿದ್ದೈತಿ. ಆವಾಗ ಎಲ್ಲಿದ್ರಿ?"

"ಹೊಲದಾಗ."

"ಯಾವ ಹೊಲ?"

"ಕೆಳಗಿಂದು. ಹತ್ತಿ ಹೊಲ."

"ನನಗ ಬಗಿಹರೀದಿರೋದು ಅದ ಅಯ್ನೋರ," ಎಂದಳು ಸುಜಾತಾ. "ಆ ಹತ್ತಿ ಎಂಟು ಎಕರೆ. ತೂಬು ತೆಗದ್ರ ಮೊದಲ ನೀರು ಅದಕ್ಕ. ಮುಂಜಾನೆ ನೋಡಿ ಬಂದೇನಿ, ಎಲಿ ಮುದುಡ್ಯಾವು. ಕೆರಿಗೆ ನಿಮ್ಮದೊಂದು ಪಂಪೂ ಇಲ್ಲ. ನೀರು ನಿಂತ್ರ ನಿಮಗ ಲುಕ್ಸಾನ."

"ಹಂಗಿದ್ರ ನಾ ಯಾಕ ಸುರುವಲಿ?"

"ಕೇಳಾಕ ಬಂದದ್ದು ಅದನ್ನ."

ಸುಜಾತಾ ಚೀಲದಿಂದ ಒಂದು ಕಾಗದ ತೆಗೆದು ಮಡಿಕೆ ಬಿಡಿಸಿದಳು.

"ಸಂಜೀಕ ಊರವರು ಗಿರಿಯಪ್ಪನ ಮ್ಯಾಲೆ ಪೊಲೀಸ್ ದೂರು ಕೊಡಾಕ ಹೊಂಟಾರ. ಇದರ ನಕಲು. ಮೊದಲ ಸಹಿ ಸಮಿತಿ ಅಧ್ಯಕ್ಷರದು. ನಿಮ್ಮದು. ಮಾಡ್ರಿ."

ಪೆನ್ನನ್ನೂ ಇಟ್ಟಳು.

ಗುರುಸಿದ್ದಯ್ಯ ಪೆನ್ನು ಎತ್ತಿಕೊಂಡ. ಕಾಗದವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ. ಗಿರಿಯಪ್ಪನ ಹೆಸರು ಬಂದಲ್ಲಿ ಅವನ ಕಣ್ಣು ನಿಂತಿತು. ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟ.

"ನಾನ ಸುರುವೇನಿ," ಎಂದ. "ಎರಡೂ ಸಲ."

ಬಾಗಿಲಲ್ಲಿ ಈರವ್ವನ ಬಳೆ ಸದ್ದಾಯಿತು. ಅವಳು ಒಳಗೆ ಹೋಗಲಿಲ್ಲ.

"ಗಿರಿಯಪ್ಪನ ಹೆಸರು ಕೆಡಿಸಬೇಕು ಅಂತ ಮಾಡಿಲ್ಲರಿ. ಯಂತ್ರ ಕೆಟ್ಟೈತಿ ಅಂತ ಅಂದುಕೊಂತಾರ ಅಂತ ತಿಳದಿದ್ನಿ. ಇವತ್ತ ಕಟ್ಟಿ ಮ್ಯಾಲೆ ನಿಂತು ಎಲ್ಲಾರ ಮುಂದ ಒಪ್ಪಿಕೊಂತೇನಿ. ಅಧ್ಯಕ್ಷಗಿರಿನೂ ಬಿಡ್ತೇನಿ. ಒಂದ ಮಾತು. ತೂಬು ತೆಗಿಸಬ್ಯಾಡ್ರಿ."

"ಯಾಕ?"

"ಅದನ್ನ ಕೇಳಬ್ಯಾಡ್ರಿ. ಅರವತ್ತೆರಡು ಮನಿ ಹೊಲಕ್ಕ ನನ್ನ ಬೋರಿನ ನೀರು ಕೊಡ್ತೇನಿ. ಸಾಲದಿದ್ರ ಟ್ಯಾಂಕರ್ ತರಸ್ತೇನಿ."

"ಸವಳು ನೀರು ಶೇಂಗಾಕ್ಕ ನಡೀತೈತೇನ್ರಿ?"

ಅವನು ತಲೆ ತಗ್ಗಿಸಿದ. ನಡೆಯುವುದಿಲ್ಲ ಎಂದು ಅವನಿಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು.

ಸುಜಾತಾ ದೂರಿನ ಕಾಗದ ಮಡಿಸಿ ಚೀಲಕ್ಕೆ ಹಾಕಿದಳು. ನೀರು ಉಳಿಸಿಕೊಳ್ಳುವ ಆಸೆ ಇವನದಲ್ಲ. ತನ್ನ ಬೆಳೆ ಒಣಗಿದರೂ ಇವನಿಗೆ ಅಡ್ಡಿಯಿಲ್ಲ. ಇವನು ಹೆದರಿದ್ದು ನೀರು ಇಳಿಯುವುದಕ್ಕೆ.

"ಕೆರ್ಯಾಗ ಏನೈತ್ರಿ ಅಯ್ನೋರ?"

"ನೀರೈತಿ," ಎಂದ ಗುರುಸಿದ್ದಯ್ಯ.

ಖಾಲಿ ಮಜ್ಜಿಗೆ ಲೋಟ ಎತ್ತಿಕೊಂಡು ಒಳಗೆ ಹೋದ.

*

ನಾಲ್ಕು ಗಂಟೆಗೆ ಕೆರೆಯ ಏರಿಯ ಮೇಲಿನ ಕಟ್ಟೆಯ ಬಳಿ ಜನ ಕೂಡಿದರು. ಭಾಗ್ಯಶ್ರೀ ಹುಬ್ಬಳ್ಳಿಯಿಂದ ಬಂದು, ಸುಳ್ಳು ಮಳೆ ಎರಡನ್ನೂ ತೆಗೆದುಹಾಕಿದರೆ ಇಂದಿಗೆ ನಲವತ್ತೊಂದು ದಿನ ಎಂದು ಓದಿ ಹೇಳಿದಳು. ಗುರುಸಿದ್ದಯ್ಯ ಕಟ್ಟೆಯ ಮೇಲೆ ನಿಂತು, ಕೊಟ್ಟ ಮಾತಿನಂತೆ ಒಪ್ಪಿಕೊಂಡ. ಯಾಕೆ ಎಂದು ನಾಲ್ಕೈದು ಜನ ಕೂಗಿದರು. ಅವನು ಕೆಳಗಿಳಿದು ಒಂದು ಬದಿಗೆ ಕೂತ.

ಗಿರಿಯಪ್ಪನನ್ನು ಯಾರೋ ಮುಂದೆ ತಳ್ಳಿದರು. ಅವನಿಂದ ಒಂದು ಬೈಗುಳವನ್ನು ಜನ ನಿರೀಕ್ಷಿಸಿದ್ದರು.

"ನಾಳೆ ಮುಂಜಾನೆ ಎಂಟೂವರೆಗೆ ಅಳತಿ ತಗೀಬೇಕು," ಎಂದ ಗಿರಿಯಪ್ಪ. "ಬೇಲಿ ಕೀಲಿ ಕೊಡ್ರಿ."

ಅಷ್ಟೇ. ಕೀಲಿ ಕೈಗೆ ಬಂದಾಗ ಅದನ್ನು ಎರಡು ಸಲ ಒರೆಸಿ ಕಿಸೆಗೆ ಹಾಕಿಕೊಂಡ.

"ಮಾತು ಸಾಕು," ಎಂದಳು ಯಂಕವ್ವ. "ಸಾಲಿನ ನಡುವ ಕಸ ಹೊದಿಸಿ ಇಷ್ಟು ದಿನ ಬೆಳಿ ಜೀವ ಹಿಡದೈತಿ. ಇನ್ನೊಂದು ವಾರ ತಡದ್ರ ದನಕ್ಕ ಮೇವಷ್ಟ. ತೂಬು ತಗೀರಿ."

ತುಕ್ಕು ಹಿಡಿದ ತೂಬಿನ ಚಕ್ರ ತಿರುಗಿಸಲು ಮೂವರು ಬೇಕಾಯಿತು. ಮೊದಲು ಕಪ್ಪು ಕೆಸರು ಬಂತು, ಆಮೇಲೆ ನೀರು. ಹೆಂಗಸರು ಸಲಿಕೆ ಹಿಡಿದು ಕಾಲುವೆಯ ಗುಂಟ ಓಡಿದರು. ಭಾಗ್ಯಶ್ರೀ ಸರದಿಯ ಪಟ್ಟಿ ಹಿಡಿದುಕೊಂಡು ಹಿಂದೆ ಓಡಿದಳು. ಯಾರೂ ಅದನ್ನು ಕೇಳಲಿಲ್ಲ, ಆದರೂ ಯಾರೂ ಸರದಿ ಮುರಿಯಲಿಲ್ಲ. ಕತ್ತಲಾಗುವ ಮೊದಲು ಒಂಬತ್ತು ಹೊಲ ನೆನೆದಿದ್ದವು. ಯಂಕವ್ವನ ಹೊಲ ಹದಿನಾರನೆಯದು. ನಳದ ಬಳಿ ಅವಳ ಕೊಡ ಸರಿಸಿದ್ದ ಹೆಂಗಸೇ ಬಂದು, "ನಿನ್ನ ಬದು ಒಂದೀಟು ಒಡದೈತಿ ನೋಡವಾ, ಮೊದಲ ಮಣ್ಣು ಹಾಕು," ಎಂದು ಹೇಳಿ ಹೋದಳು.

ಗುರುಸಿದ್ದಯ್ಯ ಮಾತ್ರ ಕೆರೆಯ ಏರಿಯ ಮೇಲೆ ಕೂತೇ ಇದ್ದ. ಅವನ ಮುಖ ಕಾಲುವೆಯ ಕಡೆಗಿರಲಿಲ್ಲ.

"ಇಕ್ಬಾಲ ಭಾಯಿ, ನೀವು ಇಲ್ಲೇ ಉಳೀರಿ," ಎಂದಳು ಸುಜಾತಾ ಕಾರು ಹತ್ತುವಾಗ. "ಕೆರಿ ಎಷ್ಟು ಇಳೀತೈತಿ ಅಂತ ತಾಸಿಗೊಂದು ಫೋಟೋ ತಗೀರಿ."

"ಏನ್ ಕಾಣ್ತೈತಿ ಅಂತೀರಿ ಮೇಡಂ?"

"ಗೊತ್ತಿಲ್ಲ. ಆ ಮನುಷ್ಯಾಗ ಗೊತ್ತೈತಿ."

*

ಎರಡನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಇಕ್ಬಾಲನ ಫೋನು ಬಂತು.

"ಮೇಡಂ, ನೀರು ಏಳು ಫೂಟ ಇಳದೈತಿ. ಏರಿ ಕಡೆ, ಹೋದ ವರ್ಷ ಬ್ಯಾಸಿಗ್ಯಾಗ ಹೂಳು ತಗದಾರಲ್ಲ, ಆ ಆಳದ ಗುಂಡ್ಯಾಗ ಏನೋ ಬೆಳ್ಳಗ ಕಾಣಾಕತ್ತೈತಿ. ಬಂಡೆಗಲ್ಲು ಅಲ್ಲ. ಲಗೂ ಬರ್ರಿ."

ಸುಜಾತಾ ಗೋಪನಕೊಪ್ಪದಲ್ಲಿ ಭಾಗ್ಯಶ್ರೀಯನ್ನು ಕೂರಿಸಿಕೊಂಡು ಹೊರಟಳು. ಅವರು ತಲುಪುವ ಹೊತ್ತಿಗೆ ಅರ್ಧ ಊರು ಏರಿಯ ಮೇಲಿತ್ತು. ನೀರು ಇನ್ನೂ ಒಂದು ಗೇಣು ಇಳಿದಿತ್ತು. ಬಿಳಿ ಕಾರಿನ ಚಾವಣಿ ಪೂರ್ತಿ ಹೊರಗೆ ಬಂದಿತ್ತು. ಗಾಜುಗಳು ಏರಿಸಿದಂತೆಯೇ ಇದ್ದವು. ಒಳಗೆ ಕೆಸರು ತುಂಬಿ, ಏನಿದೆ ಎಂದು ಕಾಣುತ್ತಿರಲಿಲ್ಲ.

"ಯಾರೂ ಇಳೀಬ್ಯಾಡ್ರಿ!" ಎಂದು ಸುಜಾತಾ ಕೂಗಿದಳು. ಇಕ್ಬಾಲ ಆಗಲೇ ಪೊಲೀಸರಿಗೆ ಫೋನು ಮಾಡಿದ್ದ.

ಭಾಗ್ಯಶ್ರೀ ಅವಳ ತೋಳು ಹಿಡಿದುಕೊಂಡಳು.

"ಅದು ನಮ್ಮ ಮಿಲಿಂದ ಅವರ ಗಾಡಿ. ಹಿಂದಿನ ಗಾಜಿಗೆ ನಮ್ಮ ಸಂಸ್ಥೆ ಚೀಟಿ ಅದ ನೋಡ್ರಿ. ಈ ಕೆರಿ ಹೂಳು ತಗಿಸಿದ ಎಂಜಿನಿಯರ್ ಅವರ. ಹೋದ ವರ್ಷ ಶ್ರಾವಣದಾಗ, ಪುಣೆದಾಗ ಕೆಲಸ ಸಿಕ್ಕದ, ಹೊಂಟೇನಿ ಅಂತ ಮೆಸೇಜ್ ಹಾಕಿ ಹೋದ್ರು."

"ಆಮೇಲೆ ಮಾತಾಡೀರಿ?"

"ಇಲ್ಲರಿ. ಫೋನ್ ಹತ್ತಲೇ ಇಲ್ಲ."

ಜನ ದಾರಿ ಬಿಟ್ಟರು. ಗುರುಸಿದ್ದಯ್ಯ ಬಂದು ಸುಜಾತಾಳ ಮುಂದೆ ನಿಂತು ಎರಡೂ ಕೈ ಮುಂದೆ ಚಾಚಿದ.

"ಪೊಲೀಸರು ಬರೂತನಕ ಯಾಕ. ನಾನ ಮಾಡೇನಿ. ಗಾಡಿ ನಾನ ದೂಡೇನಿ."

"ಸುಳ್ಳು," ಎಂದಳು ಹಿಂದಿನಿಂದ ಈರವ್ವ. ಇಷ್ಟು ದಿನದಲ್ಲಿ ಸುಜಾತಾ ಅವಳ ದನಿ ಕೇಳಿದ್ದು ಅದೇ ಮೊದಲು. "ಆ ವಾರ ಪೂರಾ ಇವರು ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಹುಬ್ಬಳ್ಳ್ಯಾಗ ಇದ್ರು. ಜೋಡಿ ನಾ ಇದ್ನಿ. ಆಸ್ಪತ್ರಿ ಚೀಟಿ ಮನ್ಯಾಗ ಐತಿ, ತಂದು ತೋರಸ್ಲಿ?"

"ಈರವ್ವಾ!"

"ಸಾಕು. ಒಂದು ವರ್ಷ ಆತು, ಈ ಕೆರಿ ನೋಡ್ಕೊಂತ ಅನ್ನ ಉಣ್ಣಾಕ ಆಗವಲ್ದು."

ಸುಜಾತಾ ಗುರುಸಿದ್ದಯ್ಯನ ಕಡೆ ತಿರುಗಿದಳು. "ಊರಾಗ ಇರದವರಿಗೆ ಗಾಡಿ ಇಲ್ಲಿ ಮುಳುಗೈತಿ ಅಂತ ಯಾರು ಹೇಳಿದ್ರು?"

ಅವನು ಕಾರಿನ ಕಡೆಗೆ ಬೆನ್ನು ತಿರುಗಿಸಿದ.

"ನಾ ಹೇಳ್ತೇನ್ರಿ ಅಕ್ಕಾರ."

ಗಿರಿಯಪ್ಪ ಜನರ ನಡುವಿನಿಂದ ಹೊರಗೆ ಬಂದ. ಕಾರಿನ ಚಾವಣಿಯ ಮೇಲಿಂದ ಕಣ್ಣು ಕೀಳದೆ, ಅಳತೆ ಓದುವವನ ಹಾಗೆ, ಒಂದೊಂದೇ ಮಾತು ಎಣಿಸಿ ಆಡಿದ.

"ಮಿಲಿಂದ ಸರ್ ಊರು ಬಿಟ್ರು ಅಂದ ದಿನ, ಮುಂಜಾನೆ, ಈ ಗಾಡಿ ಏರಿ ಮ್ಯಾಲೆ ಬರೂದನ್ನ ನಾ ನೋಡೇನಿ. ಸರ್ ಗಾಡಿ ಕಲಿಸಾಕತ್ತಾರ, ಇಲ್ಲೇ ಎಲ್ಲೋ ನಿಂತಿರಬೇಕು ಅಂತ ತಿಳಕೊಂಡು ನನ್ನ ಕೆಲಸಕ್ಕ ನಾ ಹೋದ್ನಿ. ಸರ್ ಒಳಗ ಇರಲಿಲ್ಲ. ಸ್ಟೇರಿಂಗ್ ಹಿಡದಾಕಿ..." ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದ. "ನಮ್ಮ ಮಗಳು. ಪೂನಮ್."

ಯಂಕವ್ವ ಗಂಡನ ತೋಳು ಹಿಡಿದು ಹಿಂದಕ್ಕೆ ಎಳೆದಳು.

"ಬಾಯಿ ಮುಚ್ಚು ಗಿರಿಯಪ್ಪಾ!" ಗುರುಸಿದ್ದಯ್ಯ ಅವನ ಅಂಗಿಯ ಎದೆ ಹಿಡಿದು ಅಲುಗಿಸಿದ. ಮುದುಕನ ಕಣ್ಣಲ್ಲಿ ನೀರು ತುಂಬಿತ್ತು. "ಅಳ್ಕೊಂತ ಬಂದು ಆಕಿನ ನನಗ ಹೇಳಿದ್ಳು. ಯಾರನ್ನ ಉಳಸಾಕ ನಾ ಇಷ್ಟೆಲ್ಲಾ ಮಾಡಿದ್ನಿ ಅಂತ ತಿಳದಿ?"